ಒಣಮೀನೂ ಬೇಡ, ಕ್ರೂಸರ್ ಗಾಡಿಯೂ ಬೇಡ: ಹಾಗಾದರೆ ಕಡಲು ಯಾರದ್ದು?

ಶಾಲೆಗೆ ರಜೆ ಬಿದ್ದು ಘಟ್ಟದ ಮೇಲಿನ ಗಾಡಿಗಳು ಕರಾವಳಿಗೆ ಇಳಿಯಲು ಶುರುವಾದರೆ ಸಾಕು, ಮೊಬೈಲಿನಲ್ಲಿ ಎರಡು ಬಗೆಯ ವಿಡಿಯೊ ಓಡಾಡುತ್ತವೆ. ಒಂದರಲ್ಲಿ ಕಡಲ ದಂಡೆಯ ಮೇಲೆ ಹರವಿದ ಮೀನು, ಸುತ್ತ ಕಾಗೆ, ಹಿಂದಿನಿಂದ ಮೂಗು ಮುಚ್ಚಿಕೊಂಡವರ ದನಿ: "ಇಷ್ಟು ಚಂದದ ಬೀಚನ್ನು ಹೇಗೆ ಹಾಳು ಮಾಡಿಟ್ಟಿದ್ದಾರೆ ನೋಡಿ." ಇನ್ನೊಂದರಲ್ಲಿ ಕ್ರೂಸರ್ ಗಾಡಿಯ ಪಕ್ಕ ಸ್ಟವ್ ಹಚ್ಚಿ ಅನ್ನಕ್ಕಿಟ್ಟ ಹೆಂಗಸರು, ಸೀರೆಯಲ್ಲೇ ನೀರಿಗಿಳಿದ ಅಜ್ಜಿ, ಚಡ್ಡಿಯಲ್ಲಿ ಕುಣಿಯುವ ಹುಡುಗರು. ಅದಕ್ಕೂ ಒಂದು ದನಿ ಇರುತ್ತದೆ: "ಇಂಥವರು ಬರೋ ತನಕ ನಮ್ಮ ಟೂರಿಸಂ ಉದ್ಧಾರ ಆಗಲ್ಲ."

ಎರಡೂ ನಮ್ಮವರ ಮೇಲಿನ ವಿಡಿಯೊ. ಈ ಬ್ಲಾಗ್ ನಡೆಸುವ ನಮ್ಮಲ್ಲಿ ಕೆಲವರು ದಂಡೆಯ ಊರಿನವರು, ಕೆಲವರು ಬಯಲುಸೀಮೆಯವರು. ಒಬ್ಬರ ಮನೆಯಲ್ಲಿ ಮೀನು ಒಣಗಿಸುತ್ತಾರೆ, ಇನ್ನೊಬ್ಬರ ಮನೆಯವರು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಕ್ರೂಸರಿನಲ್ಲಿ ತುಂಬಿಕೊಂಡು ಸಮುದ್ರ ನೋಡಲು ಬರುತ್ತಾರೆ. ನ್ಯಾಯವಾಗಿ ನೋಡಿದರೆ ನಮ್ಮ ನಮ್ಮಲ್ಲೇ ಜಗಳ ಆಗಬೇಕಿತ್ತು. ಆಗಲಿಲ್ಲ. ಕೂತು ಮಾತಾಡಿದಾಗ ಗೊತ್ತಾಗಿದ್ದು ಇಷ್ಟು: ಈ ಇಬ್ಬರನ್ನೂ ದೂರುವ ಬಾಯಿ ಒಂದೇ. ಅದಕ್ಕೆ ಬೇಕಿರುವುದು ಖಾಲಿ ಮರಳು. ಅಲ್ಲಿ ದುಡಿಯುವ ಬಡವರೂ ಇರಬಾರದು, ಅಲ್ಲಿಗೆ ರಜೆಗೆ ಬರುವ ಬಡವರೂ ಇರಬಾರದು.

ಕರಾವಳಿ ಪ್ರವಾಸದ ಜಾಹೀರಾತು ನೋಡಿ. "ನಿಸರ್ಗ ಮತ್ತು ಸಂಸ್ಕೃತಿಯ ನಾಡು" ಅಂತ ಇರುತ್ತದೆ. ಒಂದು ಬಾಗಿದ ತೆಂಗಿನ ಮರ, ನೀಲಿ ನೀರು, ದೂರದಲ್ಲಿ ಒಂದು ದೋಣಿ. ಆ ದೋಣಿಯಲ್ಲಿ ಯಾರಿದ್ದಾರೆ, ಯಾವ ಮೀನಿಗೆ ಹೋಗಿದ್ದಾರೆ, ಹಿಡಿದ ಮೀನನ್ನು ಯಾರು ಹೊತ್ತು ಮಾರುತ್ತಾರೆ, ಇದೊಂದೂ ಚಿತ್ರದಲ್ಲಿಲ್ಲ. ಇನ್ನೊಂದು ಮೂಲೆಯಲ್ಲಿ ಯಕ್ಷಗಾನದ ಕಿರೀಟ ಇರುತ್ತದೆ. ಅದು ಸಂಸ್ಕೃತಿ.

ಕಡಲಿಗೆ ಹೋದವರು ಒಮ್ಮೆ ನೆನಪು ಮಾಡಿಕೊಳ್ಳಿ. ಅಲೆ ಬಂದು ಹೋಗುವ ಒದ್ದೆ ಮರಳು ಒಂದು. ಅದರ ಮೇಲೆ, ಉಬ್ಬರದ ನೀರೂ ಮುಟ್ಟದ ಒಣ ಮರಳಿನ ಪಟ್ಟಿ ಇನ್ನೊಂದು. ಅದರಾಚೆ ಗಾಳಿಮರ, ತೆಂಗು, ಮನೆಗಳು. ಇಡೀ ಜಗಳ ಇರುವುದು ನಡುವಿನ ಆ ಒಣ ಮರಳಿನ ಪಟ್ಟಿಯ ಮೇಲೆ. ರೆಸಾರ್ಟಿನವರಿಗೆ ಕಾಟೇಜು, ಕುರ್ಚಿ, ಕೊಡೆ ಹಾಕಲು ಅದೇ ಬೇಕು. ನಮ್ಮ ಜನ ತಲೆತಲಾಂತರದಿಂದ ಅಂಗಳ ಮಾಡಿಕೊಂಡಿರುವುದೂ ಅದನ್ನೇ.

ಅಂಗಳ ಎಂಬ ಮಾತನ್ನು ನಾವು ಚಂದಕ್ಕೆ ಬಳಸುತ್ತಿಲ್ಲ. ಘಟ್ಟದ ಮೇಲಿನವರಿಗೆ ಕಣ ಇದ್ದ ಹಾಗೆ ದಂಡೆಯವರಿಗೆ ಆ ಮರಳು. ದೋಣಿ ಎಳೆದು ಹಾಕುವುದು ಅಲ್ಲಿ. ಬಲೆ ಹರವಿ ಹರಿದಲ್ಲಿ ಹೆಣೆಯುವುದು ಅಲ್ಲಿ. ಮೀನು ಒಣಗಿಸುವುದೂ ಅಲ್ಲೇ. ನಿಮ್ಮ ಜೋಳದ ರಾಶಿಯ ಹತ್ತಿರ ಯಾರೋ ಪಟ್ಟಣದವರು ಬಂದು ನಿಂತು "ಧೂಳು ಜಾಸ್ತಿ ಆಯ್ತು, ಫೋಟೊ ಚೆನ್ನಾಗಿ ಬರ್ತಿಲ್ಲ, ಇದನ್ನ ಆಚೆ ತೆಗೀರಿ" ಅಂದರೆ ನಿಮಗೆ ಹೇಗೆ ಆಗುತ್ತದೋ, ದಂಡೆಯ ಹೆಂಗಸರಿಗೆ ದಿನಾ ಹಾಗೇ ಆಗುತ್ತದೆ. ನಮ್ಮಲ್ಲೊಬ್ಬರು ಕಿವಿಯಾರೆ ಕೇಳಿದ ಮಾತು ಇದು. ಪ್ರವಾಸಕ್ಕೆ ಬಂದ ಹುಡುಗನೊಬ್ಬ "ಆಂಟಿ, ಇದನ್ನ ಸ್ವಲ್ಪ ಬೇರೆ ಕಡೆ ಹಾಕ್ಕೊಳ್ಳಿ" ಎಂದ. ಆಕೆ ತಲೆಯೆತ್ತದೆ ಕೇಳಿದ್ದು: "ತೆಗ್ದು ಎಲ್ಲಿ ಹಾಕೂದು ತಮಾ, ನಿನ್ನ ತಲೆ ಮೇಲಾ?"

ಆಕೆಯ ಪ್ರಶ್ನೆಗೆ ಆ ಹುಡುಗನ ಹತ್ತಿರವೂ ಉತ್ತರ ಇರಲಿಲ್ಲ, ಪ್ರವಾಸೋದ್ಯಮ ಇಲಾಖೆಯ ಹತ್ತಿರವೂ ಇಲ್ಲ. ಮೀನು ಒಣಗಿಸುವ ಕೆಲಸ ನೋಡಿದವರಿಗೆ ಗೊತ್ತು. ದೋಣಿ ಬಂದ ಕೂಡಲೇ ಮೀನು ಆರಿಸಬೇಕು, ದೊಡ್ಡದಾದರೆ ಸೀಳಿ ಹೊಟ್ಟೆ ತೆಗೆದು ತೊಳೆಯಬೇಕು, ಉಪ್ಪು ಹಾಕಿ ಇಡಬೇಕು, ಮಾರನೇ ದಿನ ಹರವಬೇಕು. ಬಿಸಿಲು ಚೆನ್ನಾಗಿದ್ದರೆ ಎರಡು-ಮೂರು ದಿನ. ನಡುವೆ ಮಗುಚಿ ಹಾಕಬೇಕು, ಕಾಗೆ ನಾಯಿ ಕಾಯಬೇಕು, ಮೋಡ ಕವಿದರೆ ಓಡಿ ಬಂದು ಎತ್ತಬೇಕು. ಒಂದು ಅಕಾಲದ ಮಳೆ ಬಿದ್ದರೆ ಹಾಕಿದ ದುಡ್ಡೆಲ್ಲ ಗೊಬ್ಬರ. ಬಂಗಡೆ, ತಾರ್ಲೆ, ಶೆಟ್ಲಿ, ಎಲ್ಲ ಏಪ್ರಿಲ್-ಮೇ ತಿಂಗಳಲ್ಲಿ ಒಣಗಬೇಕು. ಯಾಕೆಂದರೆ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ದಂಡೆಯ ಮನೆಗಳಲ್ಲಿ ಊಟಕ್ಕೆ, ಮಲೆನಾಡಿನ ಸಂತೆಗಳಲ್ಲಿ ವ್ಯಾಪಾರಕ್ಕೆ ಇರುವುದು ಈ ಒಣಮೀನೇ. ಏಪ್ರಿಲ್-ಮೇ ಅಂದರೆ ಪಟ್ಟಣದವರ ಬೇಸಿಗೆ ರಜೆ. ಅದೇ ಬಿಸಿಲು, ಅದೇ ಮರಳು, ಅದೇ ತಿಂಗಳು ಇಬ್ಬರಿಗೂ ಬೇಕು. ಒಬ್ಬರು ಬರುವುದು ಎರಡು ದಿನಕ್ಕೆ. ಇನ್ನೊಬ್ಬರದ್ದು ಮಳೆಗಾಲದ ಅನ್ನ.

ಇನ್ನು ಕೈರಂಪಣಿ. ಘಟ್ಟದ ಮೇಲಿನ ಓದುಗರಿಗಾಗಿ ಹೇಳಬೇಕು. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು ಬಂದು, ಎರಡೂ ತುದಿಯ ಹಗ್ಗ ಹಿಡಿದು ದಂಡೆಯ ಮೇಲೆ ನಿಂತು ಎಳೆಯುವುದು. ದೊಡ್ಡ ರಂಪಣಿಗೆ ಹತ್ತಾರು ಆಳು ಬೇಕಿತ್ತು, ಬಂದ ಮೀನಿನಲ್ಲಿ ಎಲ್ಲರಿಗೂ ಪಾಲಿತ್ತು. 1970ರ ದಶಕದ ಕೊನೆಯ ಹೊತ್ತಿಗೆ ಪರ್ಸೀನ್ ದೋಣಿಗಳು ಬಂದು ಮೀನನ್ನು ಕಡಲಲ್ಲೇ ಬಾಚತೊಡಗಿದ ಮೇಲೆ ದೊಡ್ಡ ರಂಪಣಿಗಳು ಒಂದೊಂದಾಗಿ ಮೂಲೆ ಸೇರಿದವು. ಉಳಿದಿರುವುದು ಸಣ್ಣದಾದ ಕೈರಂಪಣಿ. ಅದಕ್ಕೆ ಉದ್ದನೆಯ ತೆರೆದ ದಂಡೆ ಬೇಕು. ನಡುವೆ ಒಂದು ಬೇಲಿ, ಒಂದು ಸಿಮೆಂಟ್ ಕಟ್ಟೆ, ಒಂದು ಸಾಲು ಕುರ್ಚಿ ಬಂದರೂ ಹಗ್ಗ ಎಳೆಯಲು ಜಾಗವಿಲ್ಲ. ಮೀನುಗಾರಿಕೆ ನಿಲ್ಲಿಸಿ ಅಂತ ಯಾರೂ ಆದೇಶ ಹೊರಡಿಸುವುದಿಲ್ಲ. ಕುರ್ಚಿ ಹಾಕುತ್ತಾರೆ, ಅಷ್ಟೆ.

ಆ ಪಟ್ಟಿಗೆ ಇನ್ನೊಬ್ಬ ಹಕ್ಕುದಾರಳೂ ಇದ್ದಾಳೆ. ಆಲಿವ್ ರಿಡ್ಲೆ ಕಡಲಾಮೆ ರಾತ್ರಿ ಬಂದು ಮರಳು ತೋಡಿ ನೂರರಷ್ಟು ಮೊಟ್ಟೆ ಇಡುವುದು ಅಲ್ಲೇ. ಮರಿಗಳು ಹೊರಬಂದಾಗ ಬೆಳಕು ಎತ್ತ ಹೆಚ್ಚೋ ಅತ್ತ ತೆವಳುತ್ತವೆ. ಕತ್ತಲ ದಂಡೆಯಲ್ಲಿ ಕಡಲೇ ಹೆಚ್ಚು ಬೆಳಕಾಗಿ ಕಾಣುತ್ತದೆ. ದಂಡೆಯ ತುಂಬ ಹೈಮಾಸ್ಟ್ ದೀಪ ಹಾಕಿದರೆ ರಸ್ತೆಯ ಕಡೆ ಹೋಗಿ ಸಾಯುತ್ತವೆ. ಊರ ಮೀನುಗಾರರು ಗೂಡು ಕಂಡರೆ ಅರಣ್ಯ ಇಲಾಖೆಗೆ ಹೇಳಿ ಸುತ್ತ ಬಲೆ ಕಟ್ಟಿಸಿ ಕಾಯುತ್ತಾರೆ. ಜಾಹೀರಾತಿನಲ್ಲಿ ಆಮೆಮರಿಯ ಚಿತ್ರ ಹಾಕುವವರೇ ದೀಪದ ಟೆಂಡರನ್ನೂ ಕರೆಯುತ್ತಾರೆ.

ಕಾನೂನು ಏನು ಹೇಳುತ್ತದೆ ಅಂತ ಕೇಳುತ್ತೀರಿ. 1991ರಲ್ಲಿ ಮೊದಲ ಸಲ ಸಿಆರ್‌ಝಡ್ ಅಧಿಸೂಚನೆ ಬಂತು. ಉಬ್ಬರದ ಗೆರೆಯಿಂದ 500 ಮೀಟರ್ ಒಳಗೆ ಏನು ಕಟ್ಟಬಹುದು, ಏನು ಕಟ್ಟಬಾರದು ಎಂಬ ನಿಯಮ. ಹಳ್ಳಿಯ ಕಡಲ ದಂಡೆಗಳಲ್ಲಿ ಮೊದಲ 200 ಮೀಟರ್ ಹೊಸ ಕಟ್ಟಡ ಇಲ್ಲ ಎಂದು ಅದರಲ್ಲಿತ್ತು. 2011ರಲ್ಲಿ ಹೊಸ ಅಧಿಸೂಚನೆ, 2019ರ ಜನವರಿಯಲ್ಲಿ ಮತ್ತೊಂದು. ಈ ಕೊನೆಯದು ಜನ ದಟ್ಟವಾಗಿರುವ ಹಳ್ಳಿ ದಂಡೆಗಳಲ್ಲಿ, ಅಂದರೆ 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನ ಇರುವಲ್ಲಿ, 200 ಮೀಟರನ್ನು 50ಕ್ಕೆ ಇಳಿಸಿತು. ಜೊತೆಗೆ ಪ್ರವಾಸಿಗರಿಗಾಗಿ ತಾತ್ಕಾಲಿಕ ಗುಡಿಸಲು-ಅಂಗಡಿಗಳನ್ನು ಉಬ್ಬರದ ಗೆರೆಯಿಂದ ಬರೀ 10 ಮೀಟರ್ ಬಿಟ್ಟು ಹಾಕಲು ಅವಕಾಶ ಕೊಟ್ಟಿತು.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ನಿಯಮ ಸಡಿಲವಾಗಲಿ ಎಂದು ಮೀನುಗಾರರೂ ಕೇಳಿದ್ದರು. ಮಗ ಮದುವೆಯಾದ, ಮನೆಗೆ ಒಂದು ಕೋಣೆ ಸೇರಿಸಬೇಕು ಅಂದರೂ ಸಿಆರ್‌ಝಡ್ ಅಡ್ಡ ಬರುತ್ತಿತ್ತು. ಪಂಚಾಯತಿಗೆ ಅಲೆದು ಅಲೆದು ಚಪ್ಪಲಿ ಸವೆದವರು ಎಲ್ಲ ದಂಡೆಯ ಊರಲ್ಲೂ ಇದ್ದಾರೆ. ಆದರೆ ಅವರು ಕೇಳಿದ್ದು ಕೋಣೆ, ಬಂದಿದ್ದು ಕಾಟೇಜು. ಸ್ಥಳೀಯರು ಇರುವ ಮನೆಯ ಅಳತೆ, ಆಕಾರ ಬದಲಿಸದೆ ಹೋಮ್‌ಸ್ಟೇ ನಡೆಸಬಹುದು ಎಂಬ ಮಾತೂ ಅದೇ ಅಧಿಸೂಚನೆಯಲ್ಲಿದೆ. ಅದು ಒಳ್ಳೆಯ ಮಾತು. ಅದನ್ನು ಎಷ್ಟು ಊರುಗಳಲ್ಲಿ ಯಾರು ಬಂದು ವಿವರಿಸಿ ಹೇಳಿದ್ದಾರೆ? ಈಗ ಹೋಮ್‌ಸ್ಟೇ ಎಂಬ ಬೋರ್ಡಿನ ಕೆಳಗೆ ಹೋದರೆ ಎಷ್ಟೋ ಕಡೆ ಹೋಮೂ ಇಲ್ಲ, ಮನೆಯವರೂ ಇಲ್ಲ. ಲೀಸಿಗೆ ಹಿಡಿದ ಹೊರಗಿನ ಯಜಮಾನ, ಸಂಬಳಕ್ಕಿರುವ ಹುಡುಗ, ಗೇಟಿಗೆ ಬೀಗ.

ದಂಡೆ ಯಾರಪ್ಪನ ಆಸ್ತಿಯೂ ಅಲ್ಲ ಎಂಬುದನ್ನು ನಾವು ಸಿಟ್ಟಿನಲ್ಲಿ ಹೇಳುತ್ತಿಲ್ಲ, ಸುಪ್ರೀಂ ಕೋರ್ಟ್ ಹೇಳಿದೆ. ಹಿಮಾಚಲದಲ್ಲಿ ಬಿಯಾಸ್ ನದಿಯ ದಡವನ್ನು ಒಂದು ಮೋಟೆಲ್ ತನ್ನದು ಮಾಡಿಕೊಂಡ ಪ್ರಕರಣದಲ್ಲಿ, 1996ರಲ್ಲಿ. ನದಿ, ಕಡಲ ದಂಡೆ, ಕಾಡು ಇವೆಲ್ಲ ಜನರ ಸ್ವತ್ತು, ಸರ್ಕಾರ ಅದನ್ನು ಜನರ ಪರವಾಗಿ ಕಾಯುವ ಟ್ರಸ್ಟಿ ಮಾತ್ರ ಎಂಬುದು ಅದರ ತಿರುಳು. ಕಾಯುವವನೇ ಬೇಲಿ ಹಾಕಿಕೊಟ್ಟರೆ ಏನು ಮಾಡುವುದು ಎಂಬುದು ನಮ್ಮ ಈಗಿನ ಪ್ರಶ್ನೆ.

ಹೊನ್ನಾವರ ತಾಲೂಕಿನ ಕಾಸರಕೋಡನ್ನು ನೋಡಿ. ಶರಾವತಿ ಕಡಲು ಸೇರುವ ಜಾಗ. 2020ರಲ್ಲಿ ದೇಶದ ಎಂಟು ಬೀಚುಗಳಿಗೆ ಮೊದಲ ಬಾರಿ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಾಗ ಕರ್ನಾಟಕದ ಎರಡು ಅದರಲ್ಲಿದ್ದವು: ಉಡುಪಿ ಜಿಲ್ಲೆಯ ಪಡುಬಿದ್ರಿ, ನಮ್ಮ ಕಾಸರಕೋಡು. ಅದೇ ಕಾಸರಕೋಡಿನ ಟೊಂಕದಲ್ಲಿ ಮೀನು ಒಣಗಿಸುವ ದಂಡೆ ಇದೆ, ಕಡಲಾಮೆ ಮೊಟ್ಟೆ ಇಡುತ್ತದೆ, ಮತ್ತು ಅಲ್ಲೇ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಬಂದರು ಬೇಕೋ ಬೇಡವೋ ಎಂಬುದು ಬೇರೆಯೇ ಬರಹ, ಇಲ್ಲಿ ಅದನ್ನು ಎಳೆಯುವುದಿಲ್ಲ. ಒಂದೇ ಊರಿನ ಮರಳಿನ ಒಂದು ತುಂಡು ವಿಶ್ವದರ್ಜೆಯ ನಿಸರ್ಗ, ಇನ್ನೊಂದು ತುಂಡು ಖಾಲಿ ಮಾಡಿಸಬೇಕಾದ ಜಾಗ, ಇದು ಹೇಗೆ? ಎರಡನ್ನೂ ಇಷ್ಟು ಕಾಲ ಉಳಿಸಿಕೊಂಡು ಬಂದವರು ಅದೇ ಖಾರ್ವಿಗಳು, ಮೊಗೇರರು, ಅಂಬಿಗರು, ಹರಿಕಂತ್ರರು, ದಾಲ್ಜಿಗಳು ತಾನೆ?

ಬ್ಲೂ ಫ್ಲ್ಯಾಗ್ ಬಗ್ಗೆ ನಮಗೆ ತಕರಾರಿಲ್ಲ. ಅದರ 33 ಷರತ್ತುಗಳಲ್ಲಿ ಏನಿದೆ ನೋಡಿ. ಶೌಚಾಲಯ ಇರಬೇಕು, ಬಟ್ಟೆ ಬದಲಿಸುವ ಕೋಣೆ ಇರಬೇಕು, ಜೀವರಕ್ಷಕರು ಇರಬೇಕು, ಪ್ರಥಮ ಚಿಕಿತ್ಸೆ ಇರಬೇಕು, ನೀರಿನ ಪರೀಕ್ಷೆ ಆಗಬೇಕು, ಕಸ ವಿಂಗಡಿಸಬೇಕು. ಇಷ್ಟೇ. ಮನುಷ್ಯರು ಸೇರುವ ಯಾವ ಜಾತ್ರೆಗೂ ಬೇಕಾದದ್ದು. ಸುಮಾರು 320 ಕಿಲೋಮೀಟರ್ ಉದ್ದದ ಕರಾವಳಿಯಲ್ಲಿ ಡೆನ್ಮಾರ್ಕಿನ ಸಂಸ್ಥೆಯೊಂದು ಬಾವುಟ ಕೊಡುತ್ತದೆ ಎಂದಾಗ ಮಾತ್ರ ಶೌಚಾಲಯ ಎದ್ದು ನಿಂತವು. ಬಾವುಟ ಇಲ್ಲದ ಕಡೆ ಹೋಗುವ ಹೆಂಗಸರಿಗೆ ಮೂತ್ರ ಬರುವುದಿಲ್ಲವೆ?

ಈಗ ಆ ಕ್ರೂಸರ್ ಗಾಡಿಯ ಹತ್ತಿರ ಬರೋಣ. ಹಾವೇರಿ, ಗದಗ, ವಿಜಯಪುರದ ಕಡೆಯ ಹಳ್ಳಿಯಿಂದ ಹೊರಡುವ ಒಂದು ಕುಟುಂಬ. ಎರಡು-ಮೂರು ಮನೆ ಸೇರಿ ಗಾಡಿ ಮಾಡುತ್ತಾರೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಚೀಲ ಅಕ್ಕಿ, ಸ್ಟವ್, ಹಾಸಿಗೆ. ರಾತ್ರಿ ಹೊರಟು ಅರಬೈಲ್ ಘಟ್ಟವೋ ದೇವಿಮನೆ ಘಟ್ಟವೋ ಇಳಿದು ಗೋಕರ್ಣಕ್ಕೆ ಬಂದು ದೇವರ ದರ್ಶನ, ಆಮೇಲೆ ಕಡಲು, ಆಮೇಲೆ ಮುರ್ಡೇಶ್ವರ. ಲಾಡ್ಜಿಗೆ ದುಡ್ಡಿಲ್ಲ, ಹೋಟೆಲಿನಲ್ಲಿ ಹದಿನೈದು ಜನ ಉಂಡರೆ ಗಾಡಿ ಬಾಡಿಗೆಯಷ್ಟೇ ಬಿಲ್ಲು. ಅದಕ್ಕೆ ಗಾಳಿಮರದ ಕೆಳಗೆ ಅಡುಗೆ. ಇದರಲ್ಲಿ ತಪ್ಪೇನಿದೆ? ಇದು ಶತಮಾನಗಳಿಂದ ನಮ್ಮ ಜನ ಜಾತ್ರೆಗೆ, ಯಾತ್ರೆಗೆ ಹೋಗಿ ಬಂದ ರೀತಿ. ಎತ್ತಿನ ಗಾಡಿ ಹೋಗಿ ಕ್ರೂಸರ್ ಬಂದಿದೆ, ಅಷ್ಟೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಈ ದೂರು ಇನ್ನೂ ಜೋರಾಯಿತು. ಹುಟ್ಟಿದಾಗಿನಿಂದ ಹೊಲ-ಮನೆ ಬಿಟ್ಟು ಕದಲದ ಹೆಂಗಸರು ಸರ್ಕಾರಿ ಬಸ್ಸು ಹತ್ತಿ ಕಡಲು ನೋಡಿ ಬಂದರು. ಅವರನ್ನು ನೋಡಿ ನಕ್ಕವರಿದ್ದಾರೆ. ಅರವತ್ತು ವರ್ಷ ಕಳೆ ತೆಗೆದ ಕಾಲು ಮೊದಲ ಸಲ ಅಲೆಯಲ್ಲಿ ನಿಲ್ಲುವುದನ್ನು ನೋಡಿ ನಗುವವರ ಹತ್ತಿರ ನಮಗೆ ಹೆಚ್ಚು ಮಾತಿಲ್ಲ. ಕಡಲು ನೋಡಲು ಪಟ್ಟಣದವರ ಹಾಗೆ ವಾರಾಂತ್ಯ ಬೇಕಾಗಿಲ್ಲ, ಕೂಲಿಂಗ್ ಗ್ಲಾಸೂ ಬೇಕಾಗಿಲ್ಲ.

ಆದರೆ ಅವರು ಬಂದಿಳಿದ ಮೇಲೆ ಸಿಗುವುದೇನು? ಪಾರ್ಕಿಂಗಿಗೆ ಚೀಟಿ ಹರಿಯುವವನು ಸಿಗುತ್ತಾನೆ. ಅವನು ಎಲ್ಲ ಕಡೆ ಇದ್ದಾನೆ. ಶೌಚಾಲಯ ಹುಡುಕಿದರೆ ಒಂದೋ ಬೀಗ, ಒಂದೋ ನೀರಿಲ್ಲ, ಇಲ್ಲವೇ ಉದ್ದ ಸಾಲು. ಒದ್ದೆ ಸೀರೆ ಬದಲಿಸಲು ನಾಲ್ಕು ಜನ ಹೆಂಗಸರು ಬೆಡ್‌ಶೀಟ್ ಹಿಡಿದು ಗೋಡೆ ಮಾಡಬೇಕು. ಹುಡುಗರು ಅದನ್ನೂ ವಿಡಿಯೊ ಮಾಡುತ್ತಾರೆ ಎಂಬ ಹೆದರಿಕೆಗೆ ಎಷ್ಟೋ ಜನ ಒದ್ದೆಯಲ್ಲೇ ಗಾಡಿ ಹತ್ತಿ ಘಟ್ಟ ಹತ್ತುತ್ತಾರೆ. ಬೆಳಗಿನಿಂದ ನೀರೇ ಕುಡಿಯದೆ ಇರುವ ಹೆಂಗಸರನ್ನು ನಾವು ನೋಡಿದ್ದೇವೆ. ಕೇಳಿದರೆ, "ಕುಡದ್ರ ಎಲ್ಲಿ ಹೋಗೂದ್ರಿ ತಂಗಿ" ಅನ್ನುತ್ತಾರೆ. ಪ್ರವಾಸೋದ್ಯಮದ ದುಡ್ಡಿನಲ್ಲಿ "ಐ ಲವ್" ಎಂಬ ದೊಡ್ಡ ಅಕ್ಷರ ನಿಲ್ಲಿಸಿ ಸೆಲ್ಫಿ ಪಾಯಿಂಟ್ ಮಾಡುವವರಿಗೆ ಈ ಮಾತು ಕೇಳಿಸಬೇಕು.

ಕಸದ ವಿಷಯ ನಾವು ಮುಚ್ಚಿಡುವುದಿಲ್ಲ. ಊಟ ಮಾಡಿ ಪೇಪರ್ ತಟ್ಟೆ, ಪ್ಲಾಸ್ಟಿಕ್ ಲೋಟ ಅಲ್ಲೇ ಬಿಟ್ಟು ಹೋಗುವವರಲ್ಲಿ ನಮ್ಮೂರಿನವರೂ ಇದ್ದಾರೆ. ಬಾಟಲಿ ಒಡೆದು ಮರಳಿನಲ್ಲಿ ಹೂತು ಹೋಗುವವರಂತೂ ಕ್ಷಮೆಗೆ ಅರ್ಹರಲ್ಲ, ಬರಿಗಾಲಿನಲ್ಲಿ ಬಲೆ ಎಳೆಯುವವನ ಪಾದಕ್ಕೆ ಅದು ಸೇರುತ್ತದೆ. ಬುತ್ತಿ ಕಟ್ಟಿಕೊಂಡು ಬಂದ ಚೀಲದಲ್ಲೇ ಕಸ ವಾಪಸು ಒಯ್ಯಿರಿ ಎಂದು ನಾವು ನಮ್ಮ ಮನೆಯವರಿಗೂ ಹೇಳುತ್ತೇವೆ, ನಿಮಗೂ ಹೇಳುತ್ತೇವೆ. ಆದರೆ ತಟ್ಟೆ ಕಣ್ಣಿಗೆ ಕಾಣುತ್ತದೆ, ಪೈಪು ಕಾಣುವುದಿಲ್ಲ. ಲಾಡ್ಜು, ರೆಸಾರ್ಟುಗಳ ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ ಎಂದು ವಿಡಿಯೊ ಮಾಡಿದವರನ್ನು ನಾವಿನ್ನೂ ನೋಡಿಲ್ಲ.

ಇದಕ್ಕಿಂತ ದೊಡ್ಡದು ಜೀವದ ಪ್ರಶ್ನೆ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಿಂದ ಪ್ರವಾಸ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಮುರ್ಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ಶಿಕ್ಷಕರ ಮೇಲೆ ಕೇಸಾಯಿತು, ಬೀಚ್ ಕೆಲ ದಿನ ಬಂದ್ ಆಯಿತು. ಕೋಲಾರದಂಥ, ಮೈತುಂಬಿ ಹರಿಯುವ ಒಂದು ಹೊಳೆಯೂ ಇಲ್ಲದ ಸೀಮೆಯ ಮಕ್ಕಳಿಗೆ ಕಡಲು ಅಂದರೆ ಏನು ಎಂದು ಬಸ್ಸು ಹತ್ತಿಸುವ ಮೊದಲು ಯಾರಾದರೂ ಹತ್ತು ನಿಮಿಷ ಕೂರಿಸಿ ಹೇಳುವ ವ್ಯವಸ್ಥೆ ಎಲ್ಲಿದೆ?

ಆದ್ದರಿಂದ ನಾವೇ ಹೇಳುತ್ತೇವೆ, ಓದಿ ಮನೆಯ ಮಕ್ಕಳಿಗೂ ಹೇಳಿ. ಅಲೆ ದಂಡೆಗೆ ತಂದು ಸುರಿದ ನೀರು ವಾಪಸು ಹೋಗಲೇಬೇಕು. ಅದು ಹಲವು ಕಡೆ ಒಂದು ಇಕ್ಕಟ್ಟಾದ ದಾರಿ ಮಾಡಿಕೊಂಡು ಜೋರಾಗಿ ಒಳಕ್ಕೆ ಹರಿಯುತ್ತದೆ. ಅದೇ ಸೆಳೆತ. ಮೋಸ ಇರುವುದು ಇಲ್ಲಿ: ಸೆಳೆತ ಇರುವ ಜಾಗದಲ್ಲಿ ಅಲೆ ಕಡಿಮೆ ಒಡೆಯುತ್ತದೆ, ನೊರೆ ಕಡಿಮೆ, ನೀರು ಶಾಂತವಾಗಿ ಕಾಣುತ್ತದೆ. ಅಲೆಗೆ ಹೆದರಿದವರು "ಇಲ್ಲಿ ಪರವಾಗಿಲ್ಲ" ಎಂದು ಅಲ್ಲೇ ಇಳಿಯುತ್ತಾರೆ. ಎಳೆದುಕೊಂಡರೆ ದಂಡೆಯ ಕಡೆಗೆ ನೇರವಾಗಿ ಈಜಲು ಹೋದವರು ಸುಸ್ತಾಗಿ ಮುಳುಗುತ್ತಾರೆ. ದಂಡೆಗೆ ಸಮನಾಗಿ ಅಡ್ಡಕ್ಕೆ ಸರಿಯಬೇಕು, ಸೆಳೆತ ಬಿಟ್ಟ ಮೇಲೆ ದಡದತ್ತ ಬರಬೇಕು. ಈಜು ಬಾರದವರು ಮೊಣಕಾಲಿಗಿಂತ ಆಳಕ್ಕೆ ಹೋಗಲೇಬಾರದು, ಮಳೆಗಾಲದಲ್ಲಿ ಇಳಿಯಲೇಬಾರದು. ಪಾಚಿ ಕಟ್ಟಿದ ಬಂಡೆಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುವುದು ಬೇಡ. ಒಬ್ಬ ಮುಳುಗುತ್ತಿದ್ದರೆ ಈಜು ಬಾರದ ನಾಲ್ವರು ಹಿಂದೆ ಹಾರಬೇಡಿ. ಹಗ್ಗವನ್ನೋ ಖಾಲಿ ಕ್ಯಾನನ್ನೋ ಎಸೆಯಿರಿ, ಮತ್ತು ಕೂಗಿ.

ಕೂಗಿದರೆ ಓಡಿ ಬರುವವರು ಯಾರು? ಆ ವಾಸನೆಯ ಮೀನಿನವರೇ. ಬಲೆ ಹೆಣೆಯುತ್ತಾ ಕೂತವನು ಕೆಲಸ ಬಿಟ್ಟು ದೋಣಿ ದೂಡಿಕೊಂಡು ಹೋಗುತ್ತಾನೆ. ಬದುಕಿಸಿದರೆ ಒಂದು ಧನ್ಯವಾದ, ಹೆಣ ತಂದರೆ ಪೊಲೀಸ್ ಠಾಣೆಯಲ್ಲಿ ಅರ್ಧ ದಿನದ ಹೇಳಿಕೆ. ಕೆಲವು ಬೀಚುಗಳಲ್ಲಿ ಜೀವರಕ್ಷಕರನ್ನು ಇಟ್ಟಿದ್ದಾರೆ, ಅವರೂ ಹೆಚ್ಚಿನಂಶ ಇದೇ ಮನೆಗಳ ಹುಡುಗರು, ಗುತ್ತಿಗೆಯ ಮೇಲೆ. ದಂಡೆಯಿಂದ ಮೀನುಗಾರರನ್ನು ಎಬ್ಬಿಸಿ ಕುರ್ಚಿ ಹಾಕುವವರು ಇದೊಂದು ಲೆಕ್ಕವನ್ನೂ ಇಟ್ಟುಕೊಳ್ಳಲಿ. ಖಾಲಿ ದಂಡೆಯಲ್ಲಿ ಕೂಗಿದರೆ ಯಾರೂ ಬರುವುದಿಲ್ಲ.

ಸಂಸ್ಕೃತಿಯ ಮಾತು ಉಳಿಯಿತು. ಹೊನ್ನಾವರದ ಗುಣವಂತೆಯಲ್ಲಿ 1934ರಲ್ಲಿ ಹುಟ್ಟಿದ ಕೆರೆಮನೆ ಮೇಳ ಇದೆ. ಬೆಳಗಿನ ತನಕ ಕೂತು ಆಟ ನೋಡುವ ಊರುಗಳು ಇನ್ನೂ ಇವೆ. ರೆಸಾರ್ಟಿನಲ್ಲಿ ಊಟದ ಹೊತ್ತಿಗೆ ಹದಿನೈದು ನಿಮಿಷ ಕುಣಿಸಿ ಫೋಟೊಗೆ ನಿಲ್ಲಿಸುವುದನ್ನು ಯಕ್ಷಗಾನ ಅನ್ನುವುದಾದರೆ, ಒಗ್ಗರಣೆಯ ವಾಸನೆಯನ್ನು ಊಟ ಅನ್ನಬೇಕು. ಅಂಕೋಲಾ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ನೂರಾರು ಹಾಲಕ್ಕಿ ಹಾಡು ಅವರ ಬಾಯಲ್ಲಿತ್ತು. 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರ ಕೊರಳಿನ ಮಣಿಸರದ ಚಿತ್ರ ಪ್ರವಾಸದ ಪೋಸ್ಟರಿಗೆ ಒಗ್ಗುತ್ತದೆ. ಅವರು ಊರಿನಲ್ಲಿ ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದ್ದು ಪೋಸ್ಟರಿಗೆ ಒಗ್ಗುವುದಿಲ್ಲ, ಅದೇ ಪೋಸ್ಟರ್ ನೋಡಿ ಬಂದವರಿಗೆ ಸಂಜೆ ಬೇಕಾಗುವುದು ಬಾಟಲಿ.

ಅಘನಾಶಿನಿಯಲ್ಲೂ ಇದೇ ಕತೆ. 2024ರಲ್ಲಿ ಅದರ ಅಳಿವೆಗೆ ರಾಮ್ಸಾರ್ ಮನ್ನಣೆ ಸಿಕ್ಕಿತು. ಒಳ್ಳೆಯದಾಯಿತು. ಕಾಂಡ್ಲಾ ಕಾಡಿನ ನಡುವೆ ದೋಣಿಯಲ್ಲಿ ಸುತ್ತಿಸುತ್ತಾರೆ, ಹಕ್ಕಿ ತೋರಿಸುತ್ತಾರೆ. ಅಲ್ಲೇ ಸೊಂಟದ ತನಕದ ನೀರಿನಲ್ಲಿ ನಿಂತು ಬಳಚು ಆರಿಸುವವರನ್ನು, ಉಪ್ಪು ನೀರಿನ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವ ಮಾಣಿಕಟ್ಟದ ರೈತರನ್ನು ಯಾರು ತೋರಿಸುತ್ತಾರೆ? ಕಗ್ಗ ಉಪ್ಪನ್ನೂ ನೆರೆಯನ್ನೂ ತಡೆದು ನಿಲ್ಲುವ ತಳಿ. ಅದನ್ನು ಬೆಳೆಯುವವರು ಕಡಿಮೆಯಾಗುತ್ತಿದ್ದಾರೆ. ಪ್ರವಾಸಕ್ಕೆ ಬಂದವರು ಒಂದೊಂದು ಕಿಲೋ ಕಗ್ಗ ಅಕ್ಕಿ, ಅರ್ಧ ಕಿಲೋ ಒಣ ಶೆಟ್ಲಿ ಕೊಂಡು ಹೋದರೂ ನಮ್ಮ ಊರುಗಳಿಗೆ ಸೆಲ್ಫಿ ಪಾಯಿಂಟಿಗಿಂತ ಹೆಚ್ಚು ಲಾಭ.

ರಜೆಗೆ ಬರಬೇಡಿ ಅಂತ ನಾವು ಹೇಳುತ್ತಿಲ್ಲ. ಬನ್ನಿ, ಅಜ್ಜಿಯರನ್ನೂ ಕರೆತನ್ನಿ. ಹರವಿದ ಬಲೆಯನ್ನು ತುಳಿಯಬೇಡಿ, ಒಂದು ಕಣ್ಣು ಹರಿದರೆ ಹೆಣೆಯಲು ಗಂಟೆ ಬೇಕು. ಮೀನು ಒಣಗಿಸುವವರ ಫೋಟೊ ತೆಗೆಯುವ ಮೊದಲು "ತೆಗೀಲಾ ಅಮ್ಮಾ" ಅಂತ ಕೇಳಿ. ರಂಪಣಿ ಎಳೆಯುತ್ತಿದ್ದರೆ ನೀವೂ ಹಗ್ಗಕ್ಕೆ ಕೈ ಹಾಕಿ, ನಾಲ್ಕು ಮೀನು ಕೊಟ್ಟಾರು. ವಾಸನೆ ಬರುತ್ತದೆ. ಹೊಲದಲ್ಲಿ ಗೊಬ್ಬರದ ವಾಸನೆ ಬಂದ ಹಾಗೆ.

ದಂಡೆಯ ಊರಿನ ಓದುಗರಿಗೆ ಒಂದು ಕೆಲಸ ಇದೆ. ನಿಮ್ಮ ಬೀಚಿನ ಪಾರ್ಕಿಂಗ್ ಗುತ್ತಿಗೆ ಈ ವರ್ಷ ಎಷ್ಟು ರೂಪಾಯಿಗೆ ಹೋಯಿತು, ಹೋದ ವರ್ಷ ಎಷ್ಟಿತ್ತು, ಆ ದುಡ್ಡಿನಲ್ಲಿ ಶೌಚಾಲಯಕ್ಕೆಷ್ಟು, ಬಟ್ಟೆ ಬದಲಿಸುವ ಕೋಣೆಗೆಷ್ಟು, ಜೀವರಕ್ಷಕರ ಸಂಬಳಕ್ಕೆಷ್ಟು ಖರ್ಚಾಯಿತು ಎಂದು ಗುತ್ತಿಗೆ ಕೊಟ್ಟ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಪಂಚಾಯತಿಯೋ ಪ್ರವಾಸೋದ್ಯಮ ಇಲಾಖೆಯೋ ಎಂಬುದು ಪಾರ್ಕಿಂಗ್ ಚೀಟಿಯ ಮೇಲೆ ಇಲ್ಲದಿದ್ದರೆ ಅದನ್ನೇ ಮೊದಲ ಪ್ರಶ್ನೆ ಮಾಡಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ, ಕಾರ್ಡಿನ ಪ್ರತಿ ಲಗತ್ತಿಸಿ. ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಲಿ, ಇಲ್ಲದಿದ್ದರೆ ಅದೇ ನೆವ ಹೇಳಿ ವಾಪಸು ಕಳಿಸುತ್ತಾರೆ. 30 ದಿನದೊಳಗೆ ಉತ್ತರ ಕೊಡಬೇಕು. ಬಂದ ಉತ್ತರದ ಫೋಟೊ ತೆಗೆದು ನಮಗೆ ಕಳಿಸಿ, ನಿಮ್ಮ ಹೆಸರು ಬಿಟ್ಟು ಊರಿನ ಹೆಸರು ಹಾಕಿ ಇಲ್ಲೇ ಪ್ರಕಟಿಸುತ್ತೇವೆ. ಉತ್ತರ ಬರದಿದ್ದರೆ ಬರಲಿಲ್ಲ ಎಂಬುದನ್ನೂ ತಾರೀಖಿನ ಸಮೇತ ಹಾಕುತ್ತೇವೆ.